ಹಮಾಮಿನ ಆ ಶುಕ್ರವಾರ

ಮರ್ಫಿ ಟೌನ್
೯ ನವೆಂಬರ್ ೨೦೦೩

ಮಗಳು ಶಕೀಲಾಗೆ, ಸೀರೆ ಉಡಿಸಿ ನಿನ್ನನ್ನು ಮಡಿಲಿಗೆ ಹಾಕಿಕೊಂಡ ಅಮ್ಮ ಹಂಸಳ ಆಶೀರ್ವಾದ.

ಮೊದಲು ಇದಕ್ಕೆ ಉತ್ತರ ಹೇಳು. ನಿಮ್ಮ ಆಫೀಸಿನ ಮಿಸ್ಬಾ ಟೇಪ್ ರೆಕಾರ್ಡರ್ ಹಿಡಿದು ಇನ್ನೊಂದು ಸಲ ಬರುತ್ತೇನೆಂದು ಹೇಳಿಕಳಿಸಿದ್ದಾಳೆ, ಯಾಕೆ? ಬೇರೆ ಯಾರ ಮನೆಗೂ ಎರಡು ಸಲ ಹೋಗಿಲ್ಲ, ನಾನು ವಿಚಾರಿಸಿದ್ದೇನೆ. ಹಿಜಡಾಗಳು ತಮ್ಮ ಹಕ್ಕುಗಳಿಗಾಗಿ ಹೊಡೆದಾಡಿದ ಕಥೆ ನಾಳೆಯವರಿಗೆ ಉಳಿಯಬೇಕು ಎಂದು ನೀನು ಹೇಳಿದ್ದಕ್ಕೆ ಒಪ್ಪಿದೆ. ಆ ಹುಡುಗಿಯೋ, ಗುರುವಿನ ಹೆಸರು ಕೇಳಬೇಕಾದ ಕಡೆ ತಂದೆ ಹೆಸರು ಕೇಳಿದಳು. ಸ್ಟೇಷನ್ನಿನಲ್ಲೂ ಹೀಗೇ ಶುರುಮಾಡುತ್ತಾರೆ. ಆ ಕ್ಯಾಸೆಟ್‌ಗಳನ್ನು ಯಾವ ಬೀರುವಿನಲ್ಲಿ ಇಡುತ್ತೀರಿ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಇಷ್ಟೂ ಬರೆದು ತಿಳಿಸು.

ನಾನು ಹೇಳಬೇಕಾದ್ದು ಹೇಳಿಯಾಗಿದೆ. ತೊಂಬತ್ತೇಳರಲ್ಲಿ ಪರ್ವೀನ್ ಪೊಲೀಸರ ಮೇಲೆಯೇ ಕಂಪ್ಲೇಂಟ್ ಬರೆದುಕೊಟ್ಟಳು. ನಮ್ಮಲ್ಲಿ ಅಂಥ ಧೈರ್ಯ ಮಾಡಿದವಳು ಅವಳೇ ಮೊದಲು. ಆಮೇಲೆ ಅಡಗಿಕೊಂಡಿದ್ದಳು. ನಾವೆಲ್ಲ ಒಟ್ಟಿಗಿದ್ದು ಸ್ನಾನದ ನೀರು ಕಾಯಿಸುತ್ತಿದ್ದ ಹಮಾಮಿಗೆ ಶುಕ್ರವಾರ ಮೀಯಲು ಬಂದಾಗ ಹಿಡಿದು, ಹಲ್ಲು ಉದುರುವಂತೆ ಹೊಡೆದರು. ಬಿಟ್ಟ ಮೇಲೆ ಊರು ಬಿಟ್ಟವಳು ಇವತ್ತಿಗೂ ಪತ್ತೆಯಿಲ್ಲ. ಸುಳಿವು ಕೊಟ್ಟವನು ಹಮಾಮಿನ ಕಟ್ಟಡದ ಯಜಮಾನ ಮುನಿಆಂಜನಪ್ಪ ಎಂದು ಎಲ್ಲರ ಕ್ಯಾಸೆಟ್ಟಿನಲ್ಲೂ ಇದೆಯಂತಲ್ಲ. ಇನ್ನೇನು ಬೇಕು?

ಮಾತಿನ ಮಧ್ಯೆ ಮಿಸ್ಬಾ, "ಆ ಶುಕ್ರವಾರ ಒಲೆ ಯಾರು ಹಚ್ಚಿದ್ರು ಅಮ್ಮಾ?" ಎಂದಳು. ಹಂಡೆ ಒಲೆಯ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ನಿನಗೆ ಗೊತ್ತಲ್ಲ. "ಇನ್ಯಾರು ಹಚ್ತಾರೆ, ನಾನೇ. ಹಸಿ ಸೌದೆ, ಊದಿ ಊದಿ ಸಾಕಾಗೋಯ್ತು" ಎಂದುಬಿಟ್ಟೆ. ಆ ಗುರುವಾರದಿಂದ ಶನಿವಾರದವರೆಗೆ ಲಾಕಪ್ಪಿನಲ್ಲಿದ್ದೆ ಎಂದು ಅದೇ ಕ್ಯಾಸೆಟ್ಟಿನಲ್ಲಿ ಆಗಲೇ ಹೇಳಿದ್ದೆ. ಅವಳು ಏನೋ ಬರೆದುಕೊಂಡಳು. ಆ ಪ್ರಶ್ನೆ ಹೇಳಿಕೊಟ್ಟು ಕಳಿಸಿದವಳು ನೀನೇ ತಾನೆ?

ವಯಸ್ಸಾಯಿತು, ದಿನ ವಾರ ಕಲಸಿಹೋಗುತ್ತವೆ. ಆ ಕ್ಯಾಸೆಟ್ ಅಳಿಸಿಬಿಡು. ಅಳಿಸಿದ್ದೇನೆ ಎಂದು ಒಂದು ಸಾಲು ಬರೆ, ಸಾಕು. ನನಗೆ ಭಯವಾಗುತ್ತಿದೆ ಶಕೀಲಾ.

ಇತಿ,
ನಿನ್ನ ಅಮ್ಮ
ಹಂಸ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಅಂಚೆ ಡಬ್ಬಿಗೆ ಹೊರಟಾಗ ದಾರಿಯಲ್ಲಿ ಮುನಿಆಂಜನಪ್ಪ ಸಿಕ್ಕಿದರು. ಕೋಲೂರಿಕೊಂಡು ನಿಂತು, "ಚೆನ್ನಾಗಿದ್ದೀಯೇನಮ್ಮಾ?" ಎಂದರು. ಆ ಮುದುಕರಿಗೆ ಏನೂ ಗೊತ್ತಿರಲಿಲ್ಲ. ಗುರುವಾರ ಹಿಡಿದವರು ನನ್ನನ್ನು ಸಂಜೆಗೇ ಬಿಟ್ಟರು, ಪರ್ವೀನ್ ನಾಳೆ ಮೀಯಲು ಬರುತ್ತಾಳೆ ಎಂದು ನಾನು ಬಾಯಿಬಿಟ್ಟ ಮೇಲೆ. ಸುಳಿವು ಕೊಟ್ಟದ್ದು ಯಜಮಾನರು ಎಂದು ನಿಮಗೆಲ್ಲ ಮೊದಲು ಹೇಳಿದವಳೂ ನಾನೇ. ಕ್ಯಾಸೆಟ್ ಅಳಿಸಬೇಡ. ಮಿಸ್ಬಾ ಬರಲಿ, ಎಲ್ಲ ಹೇಳುತ್ತೇನೆ. ನೀನು ಮಾತ್ರ ಅವಳ ಜೊತೆ ಬರಬೇಡ. ನಿನ್ನ ಮುಖ ನೋಡಿದರೆ ನಾನು ಮತ್ತೆ ಸುಳ್ಳು ಹೇಳುತ್ತೇನೆ.