ಪೂರ್ತಿ ಓದಿದವರಿಗೆ ಮಾತ್ರ

ಮಾರ್ಚ್ 9, ಭಾನುವಾರ

ಪ್ರೀತಿಯ ಗುಬ್ಬಿ,

ನಾನು ಚೆನ್ನಾಗಿದ್ದೇನೆ, ನೀನೂ, ಅಳಿಯಂದಿರೂ, ಮಗುವೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿದವಳು ಈಗ ನಿನ್ನ ಬಾಗಿಲಲ್ಲಿ ನಿಂತಿದ್ದೇನೆ, ಒಳಗೆ ಬಿಟ್ಟುಕೋ.

ತಡಕ್ಕೆ ಕಾರಣ ಒಂದು ಜಗಳ. ನಮ್ಮ ಬೀದಿಯ ಗ್ರಂಥಾಲಯಕ್ಕೆ ಹೊಸ ಗ್ರಂಥಪಾಲಕಿ ಬಂದಿದ್ದಾಳೆ. ನಿನಗಿಂತ ಚಿಕ್ಕವಳು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ಬಂದ ವಾರವೇ, ಬೀಗ ಹಾಕಿಟ್ಟಿದ್ದ ಪುಸ್ತಕಗಳ ಕಪಾಟು ತೆರೆಸಿದಳು. ಆ ಬೀಗ ಹಾಕಿಸಿದ ಸಮಿತಿಗೆ ನಾನೇ ಮುಂದಾಳು ಎಂಬುದು ನಿನಗೆ ಗೊತ್ತು. ಜನ ಏನು ಓದಬಾರದು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು ಎಂದು ನಂಬಿದ್ದೆ.

ಹೊರಬಂದ ಪುಸ್ತಕಗಳಲ್ಲಿ ಒಂದು ಕಾದಂಬರಿ. ಅದರ ಟೀಚರಮ್ಮ ಮಕ್ಕಳನ್ನು ಅವಮಾನಿಸುವುದನ್ನೇ ಕಸುಬು ಮಾಡಿಕೊಂಡವಳು. ಇಡೀ ವೃತ್ತಿಗೇ ಮಸಿ ಬಳಿದಂತೆ ಅನ್ನಿಸಿ, ಒಯ್ದು ಗ್ರಂಥಪಾಲಕಿಯ ಮೇಜಿನ ಮೇಲೆ ಕುಕ್ಕಿದೆ. "ಇದನ್ನ ಮತ್ತೆ ಬೀಗದೊಳಗೆ ಇಡಮ್ಮ."

"ಆಕ್ಷೇಪಣೆ ಬರೆದುಕೊಡಿ ಮೇಡಂ. ಪೂರ್ತಿ ಓದಿದ್ದೀರ ತಾನೆ?"

"ಹದಿನೇಳು ಪುಟ ಓದಿದ್ದೀನಿ. ಸಾಕು."

"ಪೂರ್ತಿ ಓದಿದೋರದ್ದು ಮಾತ್ರ ತಗೊಳ್ಳೋದು. ನಿಮಗೇ ಅಂತಲ್ಲ, ಎಲ್ಲರಿಗೂ ಅದೇ ನಿಯಮ."

ನನಗೇ ಪಾಠ. ಮೈ ಉರಿಯಿತು. ಹಟಕ್ಕೆ ಮುನ್ನೂರು ಪುಟ ಓದಿದೆ. ಆ ಟೀಚರಮ್ಮ ಕೊನೆಗೂ ಒಳ್ಳೆಯವಳಾಗಲಿಲ್ಲ, ನನ್ನ ಕೋಪವೂ ಇಳಿಯಲಿಲ್ಲ. ನಾಲ್ಕು ಪುಟ ಬರೆದೆ; ಇಂಥದ್ದನ್ನು ಹಂಚುವ ಗ್ರಂಥಪಾಲಕಿಗೂ ಬುದ್ಧಿಯಿಲ್ಲ ಎಂದು ಝಾಡಿಸಿದ್ದೆ. ಅವಳು ನಿಂತಲ್ಲೇ ಓದಿದಳು. ಪುಸ್ತಕದ ಹಿಂಬದಿಯ ರಟ್ಟಿಗೆ ಲಕೋಟೆ ಅಂಟಿಸಿ, ನನ್ನ ನಾಲ್ಕೂ ಪುಟ ಅದರೊಳಗಿಟ್ಟು, ಪುಸ್ತಕವನ್ನು ಎಲ್ಲರ ಕೈಗೆ ಸಿಗುವ ಕಪಾಟಿನಲ್ಲೇ ಇಟ್ಟಳು. ಇನ್ನು ಅದನ್ನು ಒಯ್ಯುವವರು ನನ್ನ ಬೈಗುಳವನ್ನೂ ಒಯ್ಯಬೇಕು.

ನನಗೇ ಮುಜುಗರವಾಯಿತು. "ನಿನ್ನನ್ನ ಬೈದಿರೋ ಸಾಲು ಬೇಕಾದ್ರೆ ಹೊಡೆದುಹಾಕಮ್ಮ" ಎಂದೆ.

"ಯಾಕೆ ಮೇಡಂ? ನಿಮಗೆ ಹಾಗೆ ಅನ್ನಿಸಿದೆಯಲ್ಲ" ಎಂದು ಪೆನ್ಸಿಲನ್ನು ಮತ್ತೆ ಕಿವಿಗೇರಿಸಿದಳು.

ಗುಬ್ಬಿ, ಆ ಹುಡುಗಿಯ ಮೇಲೆ ನನಗೆಷ್ಟು ಗೌರವ ಬಂದಿದೆಯೆಂದು ಹೇಗೆ ಹೇಳಲಿ. ಕೈಯಲ್ಲಿ ಪೆನ್ಸಿಲ್ ಇದ್ದೂ ಹೊಡೆದುಹಾಕದೆ ಇರಲು ಎಂಥ ಎದೆಗಾರಿಕೆ ಬೇಕು. ನನಗಂತೂ ಕೆಂಪು ಪೆನ್ನು ಸಿಕ್ಕಿದರೆ ಸಾಕಿತ್ತು. ಮೊನ್ನೆ ಲಕೋಟೆ ತೆಗೆದು ನೋಡಿದೆ. ನನ್ನ ಬರಹದ ಕೆಳಗೆ ಒಬ್ಬ ಬಸ್ ಡ್ರೈವರು, "ಟೀಚರ್ ಹೇಳಿರೋದು ಸರಿ. ಆದ್ರೆ ನಮ್ಮ ಶಾಲೇಲಿ ಇಂಥೋರು ಒಬ್ರಿದ್ರು" ಎಂದು ಬರೆದಿದ್ದರು. ಎರಡು ಸಲ ಓದಿದೆ, ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ನಾನು ಬೀಗ ಹಾಕಿಸಿದ ನಲವತ್ತು ಪುಸ್ತಕಗಳಲ್ಲಿ ಒಂದನ್ನೂ ಆಗ ಕೊನೆಯವರೆಗೆ ಓದಿರಲಿಲ್ಲ. ಈಗ ಒಂದೊಂದಾಗಿ ತರುತ್ತಿದ್ದೇನೆ. ಆರು ಮುಗಿದವು, ಎರಡಕ್ಕೆ ಆಕ್ಷೇಪಣೆ ಬರೆದಿದ್ದೇನೆ. ನಿನ್ನಮ್ಮ ಪೂರ್ತಿ ಸಾಧುವಾದಳು ಎಂದುಕೊಳ್ಳಬೇಡ.

ಮಗು ಗೋಡೆ ತುಂಬ ಗೀಚುತ್ತಾನೆ ಎಂದು ಬರೆದಿದ್ದೀಯ. ಗೀಚಲಿ ಬಿಡು. ನಿಮ್ಮ ಮನೆಯಲ್ಲಿ ಯಾರ ಮಾತೂ ಗಂಟಲಲ್ಲೇ ಉಳಿಯದಿರಲಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಒಂಬತ್ತನೇ ತರಗತಿಯಲ್ಲಿ ನೀನು ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಕಥೆ ಕೊಟ್ಟಿದ್ದೆ. ತಡವಾಗಿ ಬಂದ ಮಗಳನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವ ಟೀಚರ್ ತಾಯಿಯ ಕಥೆ. ನಾನು ಅದನ್ನು ಹರಿದುಹಾಕಿ, ಆ ಜಾಗಕ್ಕೆ ಸಮಯಪಾಲನೆಯ ಮೇಲೆ ನನ್ನದೇ ಲೇಖನ ಹಾಕಿಸಿದೆ. ಆಮೇಲೆ ನೀನು ಇನ್ನೊಂದು ಕಥೆ ಬರೆಯಲೇ ಇಲ್ಲ. ನಾನು ಓದಿದ್ದು ಮೊದಲ ಪುಟ ಮಾತ್ರ ಕಣೇ. ಕೊನೆಯಲ್ಲಿ ಆ ತಾಯಿ ಬಾಗಿಲು ತೆಗೆದಳೇ?