ಹನ್ನೊಂದು ಕೋಟು ಯಾರವು

ಇಸ್ತ್ರಿ ಮೇಜಿನ ಮೇಲಿಂದ,
ಬುಧವಾರ, ಹದಿನೇಳನೇ ತಾರೀಕು, ಮಧ್ಯಾಹ್ನ

ನನ್ನ ಚೂಟಿಗೆ ಅಜ್ಜಿಯಿಂದ ಮೊದಲು ಒಂದು ಮುತ್ತು, ಆಮೇಲೆ ಬೈಗುಳ.

ಹೇಗಿದ್ದೀಯೇ? ಕೆಮ್ಮು ಹೋಯಿತಾ? ಹಾಸ್ಟೆಲಿನ ಸಾರು ಬರೀ ನೀರು ಎಂದು ಬರೆದಿದ್ದೆಯಲ್ಲ, ಎರಡು ಸಲ ಬಡಿಸಿಕೊಂಡು ತಿನ್ನು, ಸಂಕೋಚ ಮಾಡಿಕೊಂಡರೆ ಹೊಟ್ಟೆ ತುಂಬುವುದಿಲ್ಲ. ನನ್ನ ಮಂಡಿ ಎಂದಿನಂತೆ ಕೂಗುತ್ತಿದೆ, ನಾನು ಎಂದಿನಂತೆ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ನಿನ್ನ ಅಪ್ಪ ಪಕ್ಕದ ಮೇಜಿನಲ್ಲಿ ಲಾಡ್ಜಿನವರ ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಾ, ಅಮ್ಮ ಏನು ಬರೆಯುತ್ತಿದ್ದಾಳೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಾನೆ. ನೋಡಲಿ, ಕನ್ನಡಕ ಇಲ್ಲದೆ ಅವನಿಗೆ ಒಂದಕ್ಷರ ಕಾಣುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಸೋಮವಾರ ಬಂತು. ಸ್ಕಾಲರ್‌ಶಿಪ್ ನಿಲ್ಲಿಸಿದ್ದಾರೆ, 'ಕುಟುಂಬ ಸ್ಥಿತಿವಂತವಾಗಿದೆ' ಎಂದು ಕಾರಣ ಕೊಟ್ಟಿದ್ದಾರೆ, ತಿಂಗಳ ಕೊನೆಯೊಳಗೆ ಶುಲ್ಕ ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತಾರೆ, ಅದಕ್ಕೆ ಮೊದಲೇ ಕಾಲೇಜು ಬಿಡುವ ಅರ್ಜಿ ತುಂಬಿಟ್ಟಿದ್ದೇನೆ, ಸಹಿಯೊಂದು ಬಾಕಿ, ಬಂದು ನಿಮ್ಮ ಜೊತೆ ಇಸ್ತ್ರಿ ಹಾಕುತ್ತೇನೆ ಎಂದು ಬರೆದಿದ್ದೀಯ. ಆಹಾ, ಏನು ಉದಾರ ಬುದ್ಧಿ! ಇಲ್ಲಿ ನಿನಗೋಸ್ಕರ ಯಾರೂ ಮೇಜು ಖಾಲಿ ಇಟ್ಟುಕೊಂಡು ಕೂತಿಲ್ಲ. ನಿನ್ನ ಅಪ್ಪ ಅದನ್ನು ಓದಿ, 'ಬರ್ಲಿ ಬಿಡಮ್ಮ, ಮಗು ಅಲ್ಲಿ ಒದ್ದಾಡೋದು ಯಾಕೆ' ಎಂದ. ನನ್ನ ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಅವನ ಪುಣ್ಯ, ಅದನ್ನು ಕೆಳಗಿಟ್ಟೇ ಬೈದೆ.

ಮೊದಲ ವರ್ಷದ ರಜೆಗೆ ಬಂದಾಗ ನೀನು ಏನು ಹೇಳಿದೆ, ನೆನಪಿದೆಯಾ? ನಿಂಬೆಹುಳಿ ಹಚ್ಚಿದರೆ ತುಕ್ಕಿನ ಕಲೆ ಯಾಕೆ ಹೋಗುತ್ತದೆ ಎಂದು ಬಟ್ಟೆಯ ಗಂಟಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತಾ ವಿವರಿಸಿದೆ. ನಲವತ್ತು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸಕ್ಕೆ ಒಂದು ಕಾರಣವಿದೆ ಎಂದು ನನಗೆ ಗೊತ್ತಾಗಿದ್ದು ಅವತ್ತು. ನಾನು ಅರ್ಥವಾದವಳ ಹಾಗೆ ತಲೆ ಆಡಿಸಿದೆ, ಅರ್ಧ ಅರ್ಥವಾಗಿತ್ತು. ಉಳಿದರ್ಧ ಯಾರು ಹೇಳಿಕೊಡುತ್ತಾರೆ? ರಸಾಯನಶಾಸ್ತ್ರ ಓದುವವಳು ಬೆಡ್‌ಶೀಟ್ ಮಡಚುತ್ತೇನೆ ಎಂದರೆ ನನ್ನ ಹೊಟ್ಟೆ ಉರಿಯುವುದಿಲ್ಲವೇನೇ?

ಮಂಗಳವಾರ ಬೆಳಿಗ್ಗೆಯೇ ಸ್ಕಾಲರ್‌ಶಿಪ್ ಕಚೇರಿಗೆ ಹೋದೆ. ಕಳೆದ ತಿಂಗಳು ಮನೆ ನೋಡಲು ಒಬ್ಬ ಪರಿಶೀಲನೆಯವನು ಬಂದಿದ್ದನಲ್ಲ, ಅವನು ಬರೆದದ್ದನ್ನು ಗುಮಾಸ್ತ ಓದಿದ: 'ಮನೆಯಲ್ಲಿ ಹನ್ನೊಂದು ಬೆಲೆಬಾಳುವ ಕೋಟುಗಳಿವೆ.' ಮದುವೆಗೆ ಹೋಗುವವರು ಇಸ್ತ್ರಿಗೆ ಕೊಟ್ಟ ಕೋಟು ಕಣೇ ಅವು! ನನ್ನ ಮೂಗಿನ ತುದಿಯ ಕೋಪ ನೆತ್ತಿಗೇರಿತು. ಸೀದಾ ವಾಪಸ್ ಬಂದು, 'ಇನ್ನೊಂದ್ಸಲ ಇಸ್ತ್ರಿ ಹಾಕ್ಕೊಡ್ತೀನಿ, ಪುಕ್ಕಟೆ' ಎಂದು ಮನೆಮನೆಗೆ ಹೋಗಿ ಅವೇ ಕೋಟುಗಳನ್ನು ಕೇಳಿದೆ. ಏಳು ಸಿಕ್ಕವು. ಅವನ್ನೂ ನಿನ್ನ ಅಪ್ಪನನ್ನೂ ಎಳೆದುಕೊಂಡು ಮಧ್ಯಾಹ್ನ ಮತ್ತೆ ಕಚೇರಿಗೆ ಹೋದೆ. ಒಂದೊಂದು ಕಾಲರನ್ನೂ ತಿರುವಿ, ಒಳಗೆ ನಾನು ಹಾಕಿದ ದಾರದ ಗುರುತು ತೋರಿಸಿದೆ: ಇದು ಕೆಂಪು ಎರಡು ಹೊಲಿಗೆ, ಡಾಕ್ಟರ ಮನೆ, ಇದು ಹಸಿರು ಮೂರು, ಮೇಷ್ಟ್ರ ಮನೆ. ಆಮೇಲೆ ಡಾಕ್ಟರ ಕೋಟನ್ನು ನಿನ್ನ ಅಪ್ಪನಿಗೆ ತೊಡಿಸಿದೆ. ತೋಳಿನಲ್ಲಿ ಕೈಬೆರಳು ಕಾಣಲಿಲ್ಲ, ಹೊಟ್ಟೆಯ ಹತ್ತಿರ ಇನ್ನೊಬ್ಬ ಅಪ್ಪ ಹಿಡಿಸುತ್ತಿದ್ದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಿನ್ನ ಅಪ್ಪ ಇಂಗು ತಿಂದ ಮಂಗನ ಹಾಗೆ ನಿಂತಿದ್ದ, ಪಾಪ, ಆದರೆ ಕದಲಲಿಲ್ಲ. ಮಗಳಿಗೋಸ್ಕರ ನಿಂತ.

ಕೊನೆಗೆ ಗುಮಾಸ್ತ ಕಾಗದ ಕೊಟ್ಟ. ಇದರ ಜೊತೆಗೇ ಇಟ್ಟಿದ್ದೇನೆ. 'ಮರುಪರಿಶೀಲನೆಯಲ್ಲಿದೆ, ತೀರ್ಮಾನ ಆಗುವವರೆಗೆ ವಿದ್ಯಾರ್ಥಿನಿಯ ಹೆಸರು ತೆಗೆಯಬಾರದು' ಎಂದು ಮೊಹರು ಒತ್ತಿದ್ದಾರೆ. ಅದನ್ನು ಪ್ರಿನ್ಸಿಪಾಲರ ಕೈಗೇ ಕೊಡು, ಮೇಜಿನ ಮೇಲೆ ಇಟ್ಟು ಬರಬೇಡ, ಸ್ವೀಕರಿಸಿದೆ ಎಂದು ಬರೆಸಿಕೊ. ಯಾರಾದರೂ 'ನೋಡೋಣ' ಎಂದರೆ 'ಈಗ್ಲೇ ನೋಡಿ' ಎನ್ನು. ದುಡ್ಡು ಬರುವುದು ಖಂಡಿತ ಎಂದು ನಾನು ಆಣೆ ಇಡಲಾರೆ. ಬರದಿದ್ದರೆ ಮತ್ತೆ ಹೋಗುತ್ತೇನೆ, ಮಂಡಿ ಕೂಗಿಕೊಳ್ಳಲಿ. ಅವರೇ ಬೇಸತ್ತು ಕೊಡಬೇಕು, ನಾನಂತೂ ಬೇಸರಪಡುವವಳಲ್ಲ.

ಪರೀಕ್ಷೆ ಚೆನ್ನಾಗಿ ಬರಿ. ನಿನ್ನ ಕೋಣೆಯ ಗೆಳತಿಗೂ ನನ್ನ ಆಶೀರ್ವಾದ ಹೇಳು, ಅವಳಿಗೂ ಬೈಗುಳ ಬೇಕಿದ್ದರೆ ಬರೆಯಲಿ, ಧಾರಾಳವಾಗಿದೆ. ನೂರು ವರ್ಷ ಬಾಳು, ಅದರಲ್ಲಿ ಇನ್ನೊಂದೂವರೆ ವರ್ಷ ಕಾಲೇಜಿನಲ್ಲಿ ಬಾಳು.

ನಿನ್ನ
ಅಜ್ಜಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ನಿನ್ನ ಅಪ್ಪ ಬೆಡ್‌ಶೀಟ್ ಕೊಡಲು ಹೋಗಿದ್ದಾನೆ, ಅವನು ಬರುವುದರೊಳಗೆ ಹೇಳಿಬಿಡುತ್ತೇನೆ. ಆ ಪರಿಶೀಲನೆಯವನ ತಪ್ಪೇನೂ ಇಲ್ಲ ಕಣೇ. ಅವನು ಮೆತ್ತಗೆ, 'ಇವೆಲ್ಲ ಗಿರಾಕಿಗಳ ಬಟ್ಟೆನಾ ಅಮ್ಮ?' ಎಂದೇ ಕೇಳಿದ. ಆದರೆ ನಮ್ಮ ಗೋಡೆ ನೋಡಿ, ಮುರಿದ ಸ್ಟೂಲು ನೋಡಿ, ಅವನ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಕಳೆ ಬಂತು ನೋಡು, ಅದು ನನಗೆ ಚುಚ್ಚಿತು. 'ಯಾಕೆ, ನಾವು ಕೋಟು ಹಾಕ್ಬಾರ್ದಾ? ಎಲ್ಲಾ ನಮ್ದೇ' ಎಂದುಬಿಟ್ಟೆ. ಅವನು ನಾನು ಹೇಳಿದ್ದನ್ನೇ ಬರೆದುಕೊಂಡು ಹೋದ. ಕೋಟು ತೋರಿಸಿದ್ದು ಗುಮಾಸ್ತನಿಗೆ ಸಾಲಲಿಲ್ಲ. ನಾನೇ ಬರೆದುಕೊಡಬೇಕು, ಬರೆದದ್ದನ್ನು ಓದಬೇಕು ಎಂದ. ಅಷ್ಟು ಜನರ ಮುಂದೆ ಬರೆದೆ, ಓದಿದೆ: 'ನಾವು ಬಡವರು. ಅವತ್ತು ನಾನು ಹೇಳಿದ್ದು ಸುಳ್ಳು.' ನಾಚಿಕೆ ಆಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಹಳ ಆಯಿತು. ಆದರೂ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ನೀನು ಕಾಲೇಜು ಬಿಡುವ ಆ ಅರ್ಜಿಗೆ ಸಹಿ ಹಾಕಿದರೆ ನನ್ನ ಸಹಿ ದಂಡ. ಹರಿದು ಹಾಕು ಅದನ್ನು, ಈ ಕಾಗದ ಮಡಚುವ ಮೊದಲು.