ಹರಳು ಕೂತ ದಿಕ್ಕು

ಮುಡುಕುತೊರೆ
9-2-2004, ಸೋಮವಾರ

ನನ್ನ ಕಂದ ವನಿತಾಳಿಗೆ, ಬೆಟ್ಟದ ಮಲ್ಲಿಕಾರ್ಜುನನ ಕಡೆ ಕೈಮುಗಿದು ನಿನ್ನ ಅವ್ವ ಬರೆಯುವುದು.

ಇವತ್ತು ಸೋಮವಾರದ ಒಪ್ಪೊತ್ತು. ಕೊಟ್ಟಿಗೆ ಬಳಿದು, ಬಾಗಿಲಿಗೆ ನೀರು ಹಾಕಿ, ಡೈರಿಗೆ ಹಾಲು ಕೊಟ್ಟು ಬಂದು ಕೂತಿದ್ದೇನೆ. ನಿನ್ನನ್ನು ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳೋಣವೆಂದರೆ ಅಂಗಡಿಯಲ್ಲಿ ಕೂತವರೆಲ್ಲ ಕಿವಿ ನಿಮಿರಿಸುತ್ತಾರೆ.

ಹೋದ ವಾರ ನೀನು ಬರೆದಿದ್ದೆ: “ಹರಳು ಕೂತಿರುವ ದಿಕ್ಕೇ ಸರಿಯಿಲ್ಲವ್ವ. ಮೇಲೆ ಹೊಳೆಯುತ್ತೆ, ಉಪ್ಪುನೀರು ಸೋಕಿದರೆ ತುಕ್ಕು. ಎರಡು ವರ್ಷದಿಂದ ಹಿಡಿದುಕೊಂಡಿದ್ದೇನೆ. ಬಿಟ್ಟು ಬೇರೆ ನೋಡಿಕೊಳ್ಳೋಣ ಅನ್ನಿಸುತ್ತಿದೆ.” ಮೈಸೂರಿನಲ್ಲಿ ನೀನು ಏನು ಓದುತ್ತೀಯೋ ನನಗೇನು ಗೊತ್ತು? ನನಗೆ ಹರಳು ಎಂದರೆ, ನಿಶ್ಚಿತಾರ್ಥದಲ್ಲಿ ನಾಗೇಂದ್ರನ ಮನೆಯವರು ನಿನ್ನ ಬೆರಳಿಗೆ ಹಾಕಿದ ಉಂಗುರದ ಕೆಂಪು ಹರಳು. ಅದಕ್ಕೂ ಎರಡು ವರ್ಷ. ಬೆವರಿನ ಉಪ್ಪಿಗೆ ತುಕ್ಕು ಹಿಡಿದಿದೆ, ನಕಲಿ ಮಾಲು ಎಂದುಕೊಂಡೆ.

ಸುಮ್ಮನಿರಬೇಕಿತ್ತು. ಗುರುವಾರ ಬಸ್ ಹತ್ತಿ ನಂಜನಗೂಡಿಗೆ ಹೋಗಿ, ನಿನಗೆ ಅತ್ತೆಯಾಗುವ ಮರಿತಾಯಮ್ಮನವರ ಮುಂದೆ ಹೇಳೇಬಿಟ್ಟೆ. ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, “ಚಿನ್ನಕ್ಕೆ ತುಕ್ಕು ಹಿಡಿಯಾದ ಇವತ್ತೇ ಕೇಳಿದ್ದು ಕಣ್ರವ್ವ! ಓದ್ಕಂಡಿರೋ ಮಗ್ಳು ಬ್ಯಾರೆ ಗಂಡು ನೋಡ್ಕಂಡವ್ಳೆ ಅಂತ ನ್ಯಾರವಾಗಿ ಏಳಿ. ನಮ್ ಉಂಗ್ರುದ್ ಮ್ಯಾಲ್ ಯಾಕ್ ಆಕ್ತೀರಿ?” ಎಂದರು. ನೀರೂ ಕುಡಿಯದೆ ಎದ್ದು ಬಂದೆ.

ಶನಿವಾರ ನಾಗೇಂದ್ರ ಇಲ್ಲಿಗೇ ಬಂದ, ಕಾರ್ಖಾನೆಯ ಬಟ್ಟೆಯಲ್ಲೇ. ನಿನ್ನ ಕಾಗದ ಕೊಟ್ಟೆ. ಓದಿ ನಕ್ಕುಬಿಟ್ಟ. “ಅಯ್ಯೋ ಅತ್ತೆ, ಇದು ಉಂಗ್ರದ್ ಮಾತಲ್ಲ, ಮೆಗ್ನೀಷಿಯಂ ಮಾತು. ಅಲ್ಯೂಮಿನಿಯಂಗಿಂತ ಹಗುರದ ಲೋಹ. ಅದ್ರೊಳಗೆ ಕಣ್ಣಿಗೆ ಕಾಣ್ದಂಗೆ ಹರಳು ಕೂತಿರ್ತವೆ” ಎಂದ. ಸೌದೆಯ ಮೈಗಿಂತ ಕೊಯ್ದ ತುದಿ ಬೇಗ ನೀರು ಕುಡಿಯುವುದಿಲ್ಲವೇ, ಹಾಗೆ ಒಂದೇ ತುಂಡಿನಲ್ಲಿ ಹರಳು ಒಂದು ಮುಖವಾಗಿ ಕೂತ ಕಡೆ ತುಕ್ಕು ತಡೆಯುತ್ತದೆ, ಇನ್ನೊಂದು ಮುಖವಾಗಿ ಕೂತ ಕಡೆ ಬೇಗ ತಿಂದುಹೋಗುತ್ತದೆಯಂತೆ. ಯಾವ ದಿಕ್ಕು ತಡೆಯುತ್ತದೆಂದು ಹುಡುಕುವುದೇ ನಿನ್ನ ಕೆಲಸವಂತೆ. ಕಪಿಲೆಯ ಮೆಟ್ಟಿಲ ಮೇಲೆ ಕೂತು ನೀನೇ ಅವನಿಗೆ ಹೇಳಿದ್ದೆಯಂತೆ. ನನಗೆ ಹೋದ ಜೀವ ಬಂತು.

ಆದರೆ ಅವನು ಕಾಗದ ಮಡಿಸಲಿಲ್ಲ. ಕೊನೆಯ ಸಾಲನ್ನೇ ಮತ್ತೆ ಮತ್ತೆ ಓದಿದ. ನಗು ಹೋಯಿತು. “ಬಿಟ್ಟು ಬೇರೆ ನೋಡ್ಕತೀನಿ ಅಂದವ್ಳಲ್ಲ ಅತ್ತೆ, ಇದು ಲೋಹಾನಾ, ನಾನಾ?” ಎಂದ.

ಲೋಹವೇ ಕಣಪ್ಪ ಎಂದೆ. ಬಾಯಿ ಹೇಳಿತು, ಎದೆ ಒಪ್ಪಲಿಲ್ಲ. ಸಂಕ್ರಾಂತಿಗೆ ಬಂದಾಗ ನೀನು ಒಂದು ಸಲವಾದರೂ ಅವನ ಹೆಸರೆತ್ತಲಿಲ್ಲವಲ್ಲ ಮಗಳೇ.

ಶಿವರಾತ್ರಿಯೊಳಗೆ ಮಾತು ತಿಳಿಯದಿದ್ದರೆ ಬೇರೆ ಹೆಣ್ಣು ನೋಡುತ್ತೇವೆಂದು ಮರಿತಾಯಮ್ಮನವರು ಹೇಳಿ ಕಳಿಸಿದ್ದಾರೆ. ನಿನಗೆ ಅವನು ಬೇಡವೆಂದರೆ ಬೇಡ. ಉಂಗುರ ನಾನೇ ಕೊಟ್ಟು, ಬೈಸಿಕೊಂಡು ಬರುತ್ತೇನೆ. ಬೇಕೆಂದರೆ ಬೇಕೆಂದು ಬರೆ. ಹರಳು ಗಿರಳು ಎನ್ನದೆ, ಈ ಹಳ್ಳಿ ಹೆಂಗಸಿಗೆ ತಿಳಿಯುವ ಹಾಗೆ ಬರೆ.

ದಾರಿ ಕಾಯುವ ನಿನ್ನ ಅವ್ವ,
ಕೆಂಪಾಜಮ್ಮ

ಇನ್ನೊಂದು ಮಾತು. ಈ ಕಾಗದ ಅಂಚೆಗೆ ಹಾಕಿಲ್ಲ. ಇವತ್ತು ಮತ್ತೆ ಬಂದಿದ್ದ ನಾಗೇಂದ್ರನೇ ಇದನ್ನು ತಂದಿರುವವನು. “ಕಾಗ್ದ ನಾನ್ ತಂದಿವ್ನಿ ಅನ್ಬ್ಯಾಡಿ ಅತ್ತೆ, ನನ್ ಮೋರೆ ನೋಡಿ ಬರ್ದಂಗಾಯ್ತದೆ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಕಾಗದವನ್ನು ಹಾಸ್ಟೆಲಿನ ಕಾವಲುಗಾರನ ಕೈಗೆ ಕೊಟ್ಟು ಗೇಟಿನಾಚೆ ನಿಂತಿರುತ್ತಾನೆ. ಬೇಡವೆಂಬ ಉತ್ತರವಾದರೆ ಅಂಚೆಗೆ ಹಾಕು. ಬೇಕೆಂಬುದಾದರೆ ಅವನನ್ನು ಕರೆದು, ಅವನ ಕೈಯಲ್ಲೇ ಕೊಟ್ಟು ಕಳಿಸು.